ಹಂಸವಿಲ್ಲದ ಊರಿನಲ್ಲಿ ಹಾಲಿನ ಪರೀಕ್ಷೆ

ಊರಿನ ಡೇರಿಗೆ ಹಾಲು ಹಾಕುವ ಮನೆಗಳಿಂದ ಬಂದ ನಮಗೆಲ್ಲ ‘ಫ್ಯಾಟು’ ಎಂಬ ಮಾತು ಚೆನ್ನಾಗಿ ಗೊತ್ತು. ಫ್ಯಾಟು ಎಷ್ಟು ಬಂತು ಎಂಬುದರ ಮೇಲೆಯೇ ಬಟವಾಡೆಯ ದಿನ ಕೈಗೆ ಸಿಗುವ ಹಣ ನಿಂತಿರುತ್ತದೆ. ಹಾಲಿನ ಕೊಬ್ಬನ್ನು ಅಳೆದು ಬೆಲೆ ಕಟ್ಟುವ ಈ ಪದ್ಧತಿ ಬೆಳೆದುಬಂದ ಕಥೆಯಲ್ಲಿ ಅಮೆರಿಕದ ಒಂದು ಕೃಷಿ ಶಾಲೆಗೆ ದೊಡ್ಡ ಪಾತ್ರವಿದೆ. ಅದನ್ನು ಓದುಗರೊಡನೆ ಹಂಚಿಕೊಳ್ಳೋಣ ಎನಿಸಿತು.

ಇಂದು ಹಾಲು, ಚೀಸ್‌ಗಳಿಗೆ ಹೆಸರಾದ ವಿಸ್ಕಾನ್ಸಿನ್, 1860ರ ಸುಮಾರಿನಲ್ಲಿ ಗೋಧಿಯ ನಾಡಾಗಿತ್ತು. ವರ್ಷವೂ ಅದೇ ಬೆಳೆ ತೆಗೆದು ಮಣ್ಣು ಸೊರಗಿತು, ಕೀಟಗಳ ಕಾಟವೂ ಸೇರಿತು. ರೈತರು ಹಸು ಸಾಕಣೆಯತ್ತ ತಿರುಗಿದರು. ವಿಲಿಯಂ ಹೋರ್ಡ್ ಎಂಬುವರು 1885ರಲ್ಲಿ ಹೈನುಗಾರರಿಗಾಗಿಯೇ ಪತ್ರಿಕೆ ಆರಂಭಿಸಿದರು. ಮ್ಯಾಡಿಸನ್ನಿನ ವಿಶ್ವವಿದ್ಯಾಲಯ, ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ರೈತರ ಮಕ್ಕಳಿಗೆ ಅಲ್ಪಾವಧಿಯ ತರಗತಿ ತೆರೆಯಿತು. 1890ರಲ್ಲಿ ಹೈನುಗಾರಿಕೆಯ ಶಾಲೆಯೂ ಬಂತು.

ಆದರೆ ಒಂದು ದೊಡ್ಡ ತೊಡಕಿತ್ತು. ಹಾಲಿಗೆ ತೂಕದ ಮೇಲೆ ಹಣ. ನೀರು ಬೆರೆಸಿದವನಿಗೂ, ಕೆನೆ ತೆಗೆದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ದರ! ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಎಂದು ನಾವು ಓದಿದ್ದೇವೆ. ಹಂಸವಿಲ್ಲದ ಊರಿನಲ್ಲಿ ಪ್ರಾಮಾಣಿಕನ ಗತಿಯೇನು?

ಉತ್ತರ ಕೊಟ್ಟವರು ಅಲ್ಲಿನ ರಸಾಯನಶಾಸ್ತ್ರಜ್ಞ ಸ್ಟೀಫನ್ ಬ್ಯಾಬ್ಕಾಕ್ (1843–1931). ಅವರ ವಿಧಾನ ಸರಳ. ಉದ್ದ ಕುತ್ತಿಗೆಯ ಸೀಸೆಗೆ 17.6 ಮಿಲಿಲೀಟರ್ ಹಾಲು ಹಾಕಿ, ಹೆಚ್ಚುಕಡಿಮೆ ಅಷ್ಟೇ ಗಂಧಕಾಮ್ಲ ಬೆರೆಸಬೇಕು. ಆಮ್ಲವು ಕೊಬ್ಬೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕರಗಿಸುತ್ತದೆ. ಸೀಸೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ ಬಿಸಿನೀರು ಸೇರಿಸಿದರೆ ಹಗುರವಾದ ಕೊಬ್ಬು ಕುತ್ತಿಗೆಗೆ ಏರುತ್ತದೆ. ಅಲ್ಲಿರುವ ಗೆರೆಗಳನ್ನು ಓದಿದರೆ ಶೇಕಡಾ ಎಷ್ಟೆಂದು ತಿಳಿಯುತ್ತದೆ. ರೈತನೇ ಮಾಡಬಹುದಾದ ಪರೀಕ್ಷೆ. ಮೊದಲ ಪ್ರಯತ್ನ ಒಂದೇ ಒಂದು ಹಸುವಿನ ಹಾಲಿಗೆ ಸರಿಬರಲಿಲ್ಲವಂತೆ. ಅದನ್ನು ಸರಿಪಡಿಸದೆ ಪ್ರಕಟಿಸಲು ಬ್ಯಾಬ್ಕಾಕ್ ಒಪ್ಪಲಿಲ್ಲ. ‘ಒಂದು ಕೇಸ್ ತಾನೆ, ಆಮೇಲೆ ನೋಡೋಣ’ ಎನ್ನುವ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದೊಂದು ಪಾಠ!

1890ರಲ್ಲಿ ವಿಧಾನ ಪ್ರಕಟವಾಯಿತು. ಬ್ಯಾಬ್ಕಾಕ್ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಸ್ವಿಟ್ಜರ್ಲೆಂಡಿನ ಗರ್ಬರ್ ಅದೇ ಕಾಲದಲ್ಲಿ ರೂಪಿಸಿದ, ಇದೇ ತತ್ತ್ವದ ವಿಧಾನ ಭಾರತದ ಡೇರಿಗಳಲ್ಲಿ ಬಳಕೆಗೆ ಬಂತು. ಈಗ ಯಂತ್ರಗಳು ಬಂದಿವೆಯಾದರೂ ನ್ಯಾಯ ಅದೇ: ಹಾಲಿಗೆ ತಕ್ಕ ಬೆಲೆ.

ಅದೇ ಶಾಲೆಯ ಹ್ಯಾರಿ ಸ್ಟೀನ್‌ಬಾಕ್ 1920ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು. ಆಹಾರದ ಮೇಲೆ ಅತಿನೇರಳೆ ಕಿರಣ ಬಿಟ್ಟರೆ ವಿಟಮಿನ್ ಡಿ ಹೆಚ್ಚುತ್ತದೆ, ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್ ತಡೆಯಬಹುದು ಎಂದು ಅವರು ತೋರಿಸಿದರು. ಪೇಟೆಂಟ್ ಪಡೆದರು, ಆದರೆ ತಮಗಾಗಿ ಅಲ್ಲ. ಅದರ ಆದಾಯ ವಿಶ್ವವಿದ್ಯಾಲಯದ ಸಂಶೋಧನೆಗೆ ಹೋಗಲೆಂದು 1925ರಲ್ಲಿ ‘ವಾರ್ಫ್’ ಎಂಬ ಪ್ರತಿಷ್ಠಾನ ಹುಟ್ಟಿತು.

1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಕ್ಯಾನನ್ನೂ ಹೊತ್ತು ಇದೇ ಕ್ಯಾಂಪಸ್ಸಿಗೆ ಬಂದ. ಕೆಟ್ಟ ಮೇವಿನಲ್ಲಿ ಕಾರಣ ಹುಡುಕುತ್ತಾ ಹೋದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದ ಕೆಲಸದಿಂದ ಮುಂದೆ ‘ವಾರ್ಫರಿನ್’ ಬಂತು. ಹೃದಯದ ಕಾಯಿಲೆಗೆ ನಮ್ಮ ಹಿರಿಯರಲ್ಲಿ ಕೆಲವರು ನುಂಗುವ ಆ ಮಾತ್ರೆಯ ಹೆಸರಿನಲ್ಲಿ ‘ವಾರ್ಫ್’ ಇಂದಿಗೂ ಉಳಿದಿದೆ.

ಒಬ್ಬರು ವಿದ್ಯೆಯನ್ನೇ ಬಿಟ್ಟುಕೊಟ್ಟರು, ಇನ್ನೊಬ್ಬರು ಅದರ ಫಲವನ್ನು ಕೊಟ್ಟರು. ಇಬ್ಬರೂ ಕೊಡುವ ಮೊದಲು ಕೊಟ್ಟಿಗೆಯ ಕಷ್ಟವನ್ನು ಕೇಳಿಸಿಕೊಂಡವರು. ಮುಂದಿನ ಸಲ ಊರಿಗೆ ಹೋದಾಗ ಬೆಳಿಗ್ಗೆ ಒಮ್ಮೆ ಡೇರಿಯ ಸಾಲಿನಲ್ಲಿ ನಿಂತು ನೋಡೋಣ. ಕ್ಯಾನು ಹಿಡಿದು ನಿಂತ ಅಜ್ಜಿಗೆ ನ್ಯಾಯವಾದ ಬೆಲೆ ಸಿಕ್ಕರೆ, ಅದರ ಹಿಂದೆ ಇಂಥ ಶಾಲೆಗಳ ಶ್ರಮವೂ ಇದೆ.