ಕವಳಿ ಹಣ್ಣಿಗೆ ಹೊರಟವರಿಗೆ

ಏಪ್ರಿಲ್ ಕೊನೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳಲ್ಲಿ ಕವಳಿ ಕಪ್ಪಾಗತೊಡಗುತ್ತದೆ. ಬಿಳಿ ಮುಳ್ಳುಹಣ್ಣು ಆಗಲೇ ಮುಗಿಯುತ್ತ ಬಂದಿರುತ್ತದೆ, ಕುನ್ನೇರಲಿಗೆ ಇನ್ನಷ್ಟು ದಿನ ಕಾಯಬೇಕು. ರಜೆಗೆ ಬಂದ ಮಕ್ಕಳನ್ನು ಕರೆದುಕೊಂಡು ಧಾರಾಳವಾಗಿ ಹೊರಡಿ. ಬರಿಗಾಲಲ್ಲಿ ಮಾತ್ರ ಬೇಡ.

ಮುಳ್ಳಿಗಿಂತ ಹೆಚ್ಚು ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೆ ಹೊಸದಲ್ಲ. ಅದನ್ನು ಹರಡುವ ಮರಿ ಉಣುಗುಗಳ ಕಾಟವೂ ಬೇಸಿಗೆಯಲ್ಲೇ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಆರೋಗ್ಯ ಇಲಾಖೆ ಹಂಚುವ ತೈಲ, ಇಷ್ಟಾದರೂ ಇರಲಿ. ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆ ತಲೆ ಹಾಕಬೇಡಿ. ಮನೆಗೆ ಬಂದವರೇ ಬಿಸಿನೀರು ಮೀಯಿರಿ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ. ವಾರ, ಹತ್ತು ದಿನದೊಳಗೆ ಜ್ವರ, ತಲೆನೋವು ಬಂದರೆ ಬಿಸಿಲಿನ ಕಾವು ಅಂದುಕೊಂಡು ಸುಮ್ಮನಿರದೆ ವೈದ್ಯರ ಬಳಿ ಹೋಗಿ, ಕಾಡು ತಿರುಗಿದ್ದನ್ನೂ ಹೇಳಿ.

ಗುರುತು ಸಿಗದ ಹಣ್ಣು ಬಾಯಿಗೆ ಬೇಡ. ಹಕ್ಕಿ ತಿಂದಿದೆಯಲ್ಲ ಎಂಬ ವಾದ ನಡೆಯದು. ಕಾಸರಕದ ಕಿತ್ತಳೆ ಬಣ್ಣದ ಹಣ್ಣನ್ನು ಮಂಗಟ್ಟೆ ಹಕ್ಕಿ ಸಲೀಸಾಗಿ ನುಂಗುತ್ತದೆ. ನಮಗೆ ಅದರ ಬೀಜ ಕಡುವಿಷ.

ಇನ್ನು, ಸೊಪ್ಪಿನ ಬೆಟ್ಟಕ್ಕೆ ತೋಟದ ಒಡೆಯರೊಬ್ಬರು ಇರುತ್ತಾರೆ, ಒಂದು ಮಾತು ಕೇಳಿ. ಟೊಂಗೆ ಮುರಿದು ತಂದು ಜಗಲಿಯಲ್ಲಿ ಕೂತು ಹಣ್ಣು ಬಿಡಿಸುವ ಚಾಳಿ ನನಗಂತೂ ಸಹಿಸದು.

ಹಣ್ಣಿಗಿಂತ ಕವಳಿ ಕಾಯಿಯ ಉಪ್ಪಿನಕಾಯಿಯೇ ಮೇಲು ಎನ್ನುವ ನನ್ನಂಥವರು, ಕೊಯ್ಯುವಾಗ ಒಸರುವ ಹಾಲು ಅಂಟದಂತೆ ಕೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ಹೋಗುವುದು ಒಳ್ಳೆಯದು.