ಮಳೆಯಲ್ಲಿ ನೋಡಿ ಬೇಸಿಗೆಯಲ್ಲಿ ಮಾಡುವ ಕೆಲಸ

ಮೇ ತಿಂಗಳ ಕೊನೆಯ ವಾರ ನರಸಿಂಹರಾಜಪುರದ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಕೇಳುವುದು ಒಂದೇ ಮಾತು. ಟಾರ್ಪಾಲು ಇದೆಯಾ, ಎಂ-ಸೀಲ್ ಇದೆಯಾ, ಹಂಚಿನ ಕೆಲಸದವರ ನಂಬರ್ ಇದೆಯಾ? ಅಷ್ಟರಲ್ಲಿ ರೋಹಿಣಿ ಮಳೆ ಹುಟ್ಟಿರುತ್ತದೆ, ಮೃಗಶಿರಾಕ್ಕೆ ಎರಡು ವಾರವೂ ಉಳಿದಿರುವುದಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಮನೆಗಳವರೆಲ್ಲ ಅದೇ ನಾಲ್ಕಾರು ಕೆಲಸಗಾರರ ಬೆನ್ನು ಹತ್ತಿರುತ್ತಾರೆ. ಹಂಚಿನ ಮನೆಯಲ್ಲೇ ಬೆಳೆದು ಅದನ್ನೇ ನೋಡಿಕೊಂಡು ಬಂದಿರುವ ನನಗೆ ಅನುಭವ ಕಲಿಸಿದ್ದು ಇದಕ್ಕೆ ತದ್ವಿರುದ್ಧ. ಮಲೆನಾಡಿನಲ್ಲಿ ಮನೆ ರಿಪೇರಿ ಶುರುವಾಗಬೇಕಾದದ್ದು ಬೇಸಿಗೆಯಲ್ಲಲ್ಲ, ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳ ನಡುವೆ.

ಆಗ ಮಾಡುವುದೇನೂ ಇರುವುದಿಲ್ಲ, ನೋಡುವುದು ಮಾತ್ರ. ಭದ್ರಾ ಜಲಾಶಯ 186 ಅಡಿಯ ಹತ್ತಿರ ಬಂತು ಎಂಬ ಸುದ್ದಿ ಪೇಟೆಯಲ್ಲಿ ಓಡಾಡುವ ಹೊತ್ತಿಗೆ ಮನೆಯ ದೋಷಗಳೆಲ್ಲ ತಾವಾಗಿಯೇ ಹೊರಗೆ ಬಂದಿರುತ್ತವೆ. ಬ್ಯಾಟರಿ ಹಿಡಿದು ಅಟ್ಟ ಹತ್ತಿ, ನೀರು ಇಳಿಯುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಅದೂ ನೆಲದಲ್ಲಿ ತಪಲೆ ಇಟ್ಟ ಜಾಗಕ್ಕೆ ನೇರವಾಗಿ ಅಲ್ಲ. ಒಡೆದ ಹಂಚಿನಿಂದ ಒಳಬಂದ ನೀರು ರೀಪಿನ ಮೇಲೆ ಹರಿದು, ಪಕಾಸಿಯ ಹೊಟ್ಟೆ ಹಿಡಿದು ಇಳಿಯುತ್ತ, ಯಾವುದೋ ಗಂಟಿಗೆ ತಗುಲಿ ಅಲ್ಲಿ ತೊಟ್ಟಿಕ್ಕುತ್ತದೆ. ಹನಿ ಬಿದ್ದಲ್ಲಿಂದ ಮೇಲ್ಮುಖವಾಗಿ ಒದ್ದೆಯ ಜಾಡು ಹಿಡಿದು ಹೋದರೆ ನಿಜವಾದ ತೂತು ಮೂರು ನಾಲ್ಕು ಅಡಿ ಆಚೆ ಸಿಗುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಈ ಜಾಡು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಮಾಡು ಹತ್ತಿದ ಕೆಲಸಗಾರ ಕಣ್ಣಿಗೆ ಕಂಡ ಒಡಕು ಹಂಚು ಬದಲಿಸಿ ಇಳಿಯುತ್ತಾನೆ. ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಹಾಗೇ ಉಳಿಯುತ್ತದೆ.

ಹಂಚಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಿನ ಹುಲ್ಲು, ಸೋಗೆ, ನಾಡಹಂಚಿನ ಮಾಡುಗಳೆಲ್ಲ ಒಂದೊಂದಾಗಿ ಮಂಗಳೂರು ಹಂಚಿಗೆ ತಿರುಗಿದವು. ಒಂದರ ಅಂಚು ಇನ್ನೊಂದರ ಸಂದಿಯಲ್ಲಿ ಕೂರುವುದೇ ಈ ಹಂಚಿನ ಜಾಣತನ. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚಿನ ಆಸುಪಾಸು ಅಂತರ. ಆದರೆ ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಕೂದಲಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ನೆಲದ ಮೇಲೆ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಮಾಡಿನಲ್ಲಿ ಸಾಲು ಕೂರಿಸುವಾಗ ಒಂದು ಮೂಲೆ ಎದ್ದೇ ನಿಲ್ಲುತ್ತದೆ, ಗಾಳಿಮಳೆಗೆ ಅದೇ ಬಾಗಿಲು. ಅದಕ್ಕೇ ಹಂಚಿನ ಹಿಂಬದಿಯಲ್ಲಿ ಒತ್ತಿರುವ ಕಂಪನಿಯ ಹೆಸರು ನೋಡಿಯೇ ಬದಲಿ ಹಂಚು ತರಬೇಕು. ಆ ಕಂಪನಿಗಳಲ್ಲಿ ಎಷ್ಟೋ ಇಂದು ಮುಚ್ಚಿವೆ. ಊರಲ್ಲಿ ಯಾರಾದರೂ ಹಳೆಮನೆ ಕಳಚಿ ಆರ್‌ಸಿಸಿ ಹಾಕಿಸುತ್ತಿದ್ದರೆ ಅದೇ ಗುರುತಿನ ಹಂಚು ಒಂದಿಷ್ಟು ಕೊಂಡು ಹಿತ್ತಲಲ್ಲಿ ಪೇರಿಸಿಟ್ಟುಕೊಳ್ಳುವುದು ಜಾಣತನ.

ಮಳೆಯಲ್ಲಿ ಹಾಕಿಟ್ಟ ಗುರುತು ಹಿಡಿದು ಹಂಚು ಕೈಯಾಡಿಸಲು ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಅಡಿಕೆ ಕೊಯ್ಲು ಮುಗಿದು, ಕಾಫಿ ಹಣ್ಣು ಕೊಯ್ಲಿನ ಒತ್ತಡವೂ ಇಳಿದು, ಆಳುಗಳು ಸ್ವಲ್ಪ ಸಿಗುತ್ತಾರೆ. ಪಾಚಿ ಒಣಗಿ ಪೊರಕೆಗೆ ಸುಲಭವಾಗಿ ಉದುರುತ್ತದೆ. ಪಾಚಿ ಸಂದಿಯಲ್ಲಿ ಕೂತರೆ ನೀರು ಹಿಂದಕ್ಕೆ ಹತ್ತುತ್ತದೆ, ಒಡೆಯದ ಹಂಚೂ ಸೋರುತ್ತದೆ. ಮಾಡಿನ ಮೇಲೆ ನಡೆಯುವವರು ಹಂಚಿನ ನಡುಮಧ್ಯೆ ಕಾಲಿಡದೆ, ಎರಡು ಹಂಚು ಒಂದರ ಮೇಲೊಂದು ಬರುವಲ್ಲಿ, ಕೆಳಗೆ ರೀಪಿರುವ ಕಡೆ ಹೆಜ್ಜೆ ಇಡುತ್ತಾರೆ. ಇದು ಗೊತ್ತಿಲ್ಲದವರನ್ನು ಹತ್ತಿಸಿದರೆ ಬದಲಿಸಿದ್ದಕ್ಕಿಂತ ಒಡೆದದ್ದೇ ಹೆಚ್ಚಾಗುತ್ತದೆ. ಮಂಗಗಳು ಹಾರಾಡಿ ಒಡೆಯುವುದು ಬೇರೆ ಲೆಕ್ಕ.

ಮಂಗನ ಕಾಟಕ್ಕೆ, ಆಳಿನ ಬರಕ್ಕೆ ಬೇಸತ್ತು ಶೀಟು ಹಾಕಿಸಿದವರು ಬೇಕಷ್ಟು ಇದ್ದಾರೆ. ಕೊಟ್ಟಿಗೆಗೆ, ಸೌದೆ ಮನೆಗೆ, ಅಡಿಕೆ ಸುಲಿಯುವ ಚಪ್ಪರಕ್ಕೆ ಶೀಟೇ ಸರಿ. ಮಲಗುವ ಮನೆಗೆ ನಾನು ಒಪ್ಪುವುದಿಲ್ಲ. ಪುಷ್ಯ ಮಳೆ ಜಡಿಯುವಾಗ ಶೀಟಿನ ಕೆಳಗೆ ಎದುರು ಕೂತವರ ಮಾತೂ ಕೇಳಿಸುವುದಿಲ್ಲ, ಏಪ್ರಿಲಿನಲ್ಲಿ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ.

ಮಾಡಿನ ಮರಕ್ಕೆ ಬಂದ ಹೊಸ ರೋಗವೊಂದಿದೆ, ಅದು ಗ್ಯಾಸ್ ಒಲೆಯ ಜೊತೆ ಬಂದದ್ದು. ಸೌದೆ ಒಲೆಯ ಕಾಲದಲ್ಲಿ ಅಡುಗೆಮನೆ, ಬಚ್ಚಲುಮನೆಯ ಪಕಾಸಿಗಳು ವರ್ಷಗಟ್ಟಲೆ ಹೊಗೆ ಕುಡಿದು ಕರ್ರಗಾಗಿರುತ್ತಿದ್ದವು. ಅವುಗಳ ಹತ್ತಿರ ಹುಳ ಸುಳಿಯುತ್ತಿರಲಿಲ್ಲ. ಹೊಗೆ ನಿಂತ ಮೇಲೆ ಅದೇ ಮರಗಳಿಗೆ ಕುಟ್ಟೆ ಹಿಡಿಯುತ್ತದೆ. ಬೆಳಿಗ್ಗೆ ನೆಲದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮೇಲೆ ನೋಡಬೇಕು. ಗೋಡೆಯೊಳಗೆ ಸೇರುವ ಮರದ ತುದಿಗಳಿಗೆ ಗೇರೆಣ್ಣೆ ಬಳಿಯುವ ಹಳೆಯ ರೂಢಿ ಗೆದ್ದಲಿಗೂ ಒಳ್ಳೆಯ ಮದ್ದು. ಮೈಗೆ ತಗುಲಿದರೆ ಸುಟ್ಟ ಗುಳ್ಳೆ ಏಳುತ್ತದೆ, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬಾರದು.

ಇಷ್ಟೆಲ್ಲ ಮಾಡಿನ ಮಾತಾಯಿತು. ಆದರೆ ಈ ಭಾಗದಲ್ಲಿ ಮನೆ ಕಳೆದುಕೊಂಡವರು ಮಾಡು ಸೋರಿ ಕಳೆದುಕೊಂಡದ್ದು ಕಡಿಮೆ, ಮನೆಯ ಹಿಂದೆ ಗುಡ್ಡ ಕಡಿದ ದರೆ ಕುಸಿದು ಕಳೆದುಕೊಂಡದ್ದೇ ಹೆಚ್ಚು. 2019ರ ಆಗಸ್ಟ್ ಮಳೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಕಂಡದ್ದು ಇದನ್ನೇ. ಹಿಂದಿನವರು ಮನೆ ಕಟ್ಟಲು ಪಿಕಾಸಿ, ಗುದ್ದಲಿಯಲ್ಲಿ ಕಡಿಯುತ್ತಿದ್ದರು. ಕಡಿಯುವ ಕಷ್ಟಕ್ಕೇ ಗುಡ್ಡವನ್ನು ಹೆಚ್ಚು ಮುಟ್ಟುತ್ತಿರಲಿಲ್ಲ, ಮುಟ್ಟಿದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದರು. ಜೆಸಿಬಿ ಬಂದ ಮೇಲೆ ಒಂದು ದಿನದಲ್ಲಿ ಹದಿನೈದು ಇಪ್ಪತ್ತು ಅಡಿ ಗೋಡೆಯಂತೆ ನೆಟ್ಟಗೆ ಕಡಿದು, ಅದರ ಬುಡಕ್ಕೇ ಅಡುಗೆಮನೆ ಕಟ್ಟುವುದು ಸಾಮಾನ್ಯವಾಯಿತು.

ದರೆಯನ್ನು ಕೆಡವುವುದು ಅದರ ಮುಖಕ್ಕೆ ಬಡಿಯುವ ಮಳೆಗಿಂತ ತಲೆಯ ಮೇಲಿಂದ ಒಳಗೆ ಇಂಗುವ ನೀರು. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಒಳಗಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಮೊದಲ ಕೆಲಸ ದರೆಯ ನೆತ್ತಿಯಿಂದ ಕೆಲವು ಅಡಿ ಹಿಂದೆ, ಅಡ್ಡಲಾಗಿ ಒಂದು ಕಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವುದು. ಆ ಕಾಲುವೆಯಲ್ಲಿ ನೀರು ನಿಂತರೆ ಇಲ್ಲದ್ದಕ್ಕಿಂತ ಕೇಡು, ಇಳಿಜಾರು ಇರಲೇಬೇಕು. ದರೆಯ ಮುಖಕ್ಕೆ ಪ್ಲಾಸ್ಟಿಕ್ ಹೊದಿಸುವುದು ಒಂದು ಮಳೆಗಾಲದ ಉಪಾಯ ಅಷ್ಟೆ. ಲಾವಂಚದ ಸಾಲು ನೆಟ್ಟರೆ ಬೇರು ಮೂರು ಮೀಟರ್‌ವರೆಗೂ ನೇರ ಕೆಳಗಿಳಿಯುತ್ತದೆ. ಕಲ್ಲಿನ ಗೋಡೆ ಕಟ್ಟಿಸುವವರು ನಡುನಡುವೆ ಪೈಪಿನ ತುಂಡು ಇಟ್ಟು ಒಳಗಿನ ನೀರಿಗೆ ದಾರಿ ಬಿಡಿಸಬೇಕು. ತೂತಿಲ್ಲದ ಗೋಡೆ ಎಷ್ಟೇ ದಪ್ಪವಿದ್ದರೂ ನೀರಿನ ಒತ್ತಡಕ್ಕೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ.

ನೆತ್ತಿಯಲ್ಲಿ ನೆಲ ಬಿರುಕು ಬಿಡುವುದು, ನೆಟ್ಟಗಿದ್ದ ಮರ ವಾಲುವುದು, ಇಲ್ಲದಲ್ಲಿ ಒಸರು ಕಾಣಿಸುವುದು, ತಿಳಿಯಾಗಿ ಬರುತ್ತಿದ್ದ ಒಸರು ಇದ್ದಕ್ಕಿದ್ದಂತೆ ಕೆಂಪಗೆ ಕದಡುವುದು. ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿ ದರೆಯ ಕಡೆಯ ಕೋಣೆಯಲ್ಲಿ ಯಾರೂ ಮಲಗಬಾರದು.

ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಒಂಟಿಮನೆಗಳಿಗೆ ಪಂಪಿನ ಗೋಜಿಲ್ಲ. ಮೇಲಿನ ಕಾಡಿನ ಒರತೆಯಿಂದ ಪೈಪಿನಲ್ಲಿ ನೀರು ತಾನೇ ಇಳಿದು ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ತಿರುಳು ಕೆತ್ತಿದ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪು. ಈ ನೀರು ಬಿಟ್ಟಿ ಎಂದುಕೊಂಡವರಿಗೆ ಅದರ ಚಾಕರಿ ಗೊತ್ತಿಲ್ಲ. ಹತ್ತು ಮೀಟರ್ ಎತ್ತರದ ಇಳಿತಕ್ಕೆ ಒಂದು ಕಿಲೋ ಒತ್ತಡ. 4 ಕಿಲೋ ಪೈಪು ತಂದು 60 ಮೀಟರ್ ಇಳಿಸಿದರೆ, ಕೆಳಗಿನ ನಲ್ಲಿ ಮುಚ್ಚಿದ ರಾತ್ರಿ ಎಲ್ಲೋ ಒಂದು ಕಡೆ ಸೀಳುತ್ತದೆ. ಒಂದೋ 6 ಕಿಲೋಗಿಂತ ಮೇಲಿನ ಪೈಪು ಹಾಕಬೇಕು, ಇಲ್ಲವೇ ನಡುದಾರಿಯಲ್ಲಿ ಒಂದು ತೊಟ್ಟಿ ಇಟ್ಟು ಒತ್ತಡ ಮುರಿಯಬೇಕು. ಪೈಪಿನ ಬಾಯಿಗೆ ಬಲೆ ಕಟ್ಟದಿದ್ದರೆ ದರಗು, ಏಡಿ, ಮರಳು ಎಲ್ಲ ಒಳಗೆ. ಒರತೆ ಬತ್ತುವ ಏಪ್ರಿಲಿನಲ್ಲಿ ಬಾಯಿ ಒಮ್ಮೆ ನೀರಿನ ಮೇಲೆ ಬಂದರೆ ಸಾಕು, ಪೈಪು ಗಾಳಿ ಹಿಡಿಯುತ್ತದೆ. ಉಬ್ಬಿನ ಜಾಗಗಳಲ್ಲಿ ಗಾಳಿ ಕೂರುತ್ತದೆ. ಉಬ್ಬು ಒರತೆಗಿಂತ ಸಾಕಷ್ಟು ತಗ್ಗಿನಲ್ಲಿದ್ದರೆ ಕಾಯಿಸಿದ ಮೊಳೆಯಲ್ಲಿ ಅಲ್ಲೊಂದು ತೂತು ಮಾಡಿ ಕಡ್ಡಿ ಸಿಕ್ಕಿಸಿ ಇಡುತ್ತಾರೆ. ಕಡ್ಡಿ ತೆಗೆದಾಗ ಗಾಳಿ ಬುಸ್ಸೆಂದು ಹೊರಟು, ಹಿಂದೆಯೇ ನೀರು ಚಿಮ್ಮುತ್ತದೆ. ಪಟ್ಟಣದಿಂದ ಬಂದ ಪ್ಲಂಬರ್‌ಗಳು ಇದನ್ನು ನೋಡಿ ನಗಬಹುದು, ಆದರೆ ಕೆಲಸ ಆಗುತ್ತದೆ.

ಹೊರಗಿನ ಕೆಲಸಗಳಲ್ಲಿ ಪ್ರಾಣಕ್ಕೇ ಎರವಾಗುವುದು ಎರಡು. ಒಂದು, ಅಲ್ಯೂಮಿನಿಯಂ ದೋಟಿ. ಅಡಿಕೆಗಾಗಲಿ, ತೆಂಗಿಗಾಗಲಿ, ಮಾಡಿನ ಮೇಲೆ ಬಿದ್ದ ಕೊಂಬೆ ಎಳೆಯಲಾಗಲಿ, ಮೇಲೆ ಕರೆಂಟ್ ಲೈನ್ ಇರುವ ಕಡೆ ಅದನ್ನು ಎತ್ತಲೇಬಾರದು. ಗಾಳಿಗೆ ಲೈನ್ ತುಂಡಾಗಿ ಬೇಲಿಯ ಮೇಲೆ ಬಿದ್ದಿದ್ದರೆ ಮೆಸ್ಕಾಂಗೆ ಫೋನ್ ಮಾಡಿ, ದನ, ನಾಯಿ, ಮಕ್ಕಳನ್ನು ದೂರ ನಿಲ್ಲಿಸುವುದಷ್ಟೇ ಮನೆಯವರ ಕೆಲಸ.

ಇನ್ನೊಂದು ಕಣ್ಣಿಗೆ ಕಾಣದ್ದು. ನವೆಂಬರಿನಿಂದ ಮೇವರೆಗೆ ದರಗು ಗುಡಿಸಿ ತರುವ, ಸೊಪ್ಪು ಕಡಿಯುವ, ಬೇಲಿ ಕಟ್ಟಲು ಗೂಟ ತರುವ ಕೆಲಸವೆಲ್ಲ ಕಾಡಂಚಿನಲ್ಲೇ. ಮಂಗನ ಕಾಯಿಲೆಯ ಉಣುಗು ಹತ್ತುವುದೂ ಅದೇ ತಿಂಗಳುಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಜ್ವರ 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿತು. ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ ಹೋಗಬೇಕು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ತೋಟದಲ್ಲಿ ಸತ್ತ ಮಂಗ ಕಂಡರೆ ಹೂಳಲು ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅಂಗಳದ ಪಾಚಿಗೆ ಸುಣ್ಣ ಚೆಲ್ಲುವುದು, ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸುವುದು, ಉಣುಗೋಲು ಸರಿಪಡಿಸುವುದು, ಸೋಲಾರ್ ಬೇಲಿಯ ತಂತಿಗೆ ತಾಗಿದ ಬಳ್ಳಿ ಸವರುವುದು ಎಲ್ಲ ಬಿಡುವಾದಾಗ ಆಗುವ ಕೆಲಸಗಳು. ಬಿಡುವಿಗೆ ಕಾಯಬಾರದ ಒಂದು ಕೆಲಸ ನಮ್ಮ ಬೇಲಿಯ ಆಚೆಗಿದೆ. ರಸ್ತೆಯಿಂದ ಮನೆಗೆ ಜೀಪು ಇಳಿಸಲು ಎಲ್ಲರೂ ರಸ್ತೆಬದಿಯ ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಳ್ಳುತ್ತಾರೆ. ಕೆಲವರು ಆರಿಂಚಿನ ಪೈಪು ಹೂಳುತ್ತಾರೆ, ಅದು ಮೊದಲ ಮಳೆಯ ದರಗಿಗೇ ಕಟ್ಟಿಕೊಳ್ಳುತ್ತದೆ. ಉಕ್ಕಿದ ನೀರು ರಸ್ತೆ ದಾಟಿ ಕೆಳಗಿನವರ ದರೆಯ ನೆತ್ತಿಗೆ ಇಳಿಯುತ್ತದೆ. ಮನೆಗೆ ದಾರಿ ಮಾಡುವವರು ದಯವಿಟ್ಟು ಎರಡು ಅಡಿಗೆ ಕಡಿಮೆ ಇಲ್ಲದ ಸಿಮೆಂಟ್ ಪೈಪು ಹಾಕಿಸಿ, ಮೃಗಶಿರಾ ಹುಟ್ಟುವ ಮೊದಲು ಅದರ ಎರಡೂ ಬಾಯಿ ಬಿಡಿಸಿಡಿ.