ಒಂದೇ ಪಾಠ, ಹಲವು ಯಂತ್ರ

ಮದುವೆಯ ಅಡುಗೆಗೆಂದು ಪರಊರಿಗೆ ಹೋದ ನುರಿತ ಅಡುಗೆಯವನು ಬಂದಿಳಿದೊಡನೆ ಒಲೆ ಹಚ್ಚುವುದಿಲ್ಲ. ಬಾವಿಯಲ್ಲಿ ನೀರಿದೆಯೆ, ಸೌದೆ ಒಣಗಿದೆಯೆ, ಅಷ್ಟು ಜನಕ್ಕೆ ಅನ್ನವಾಗುವ ಕೊಪ್ಪರಿಗೆ ಇದೆಯೆ ಎಂದು ಮೊದಲು ಒಂದು ಸುತ್ತು ನೋಡಿಬರುತ್ತಾನೆ. ಅವನು ಬಲ್ಲ ಅಡುಗೆ ಒಂದೇ. ಅಡುಗೆಮನೆ ಮಾತ್ರ ಊರಿಗೊಂದು ಬಗೆ. ಗಣಕಯಂತ್ರದ ತಂತ್ರಾಂಶಗಳನ್ನು ರಚಿಸಿ ಲೋಕಕ್ಕೆಲ್ಲ ಹಂಚುವವರ ಪಾಡೂ ಇದೇ ಆಗಿದೆ.

ತಂತ್ರಾಂಶವನ್ನು ರಚಿಸುವವರು ಅದನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಇದೇ ಅದರ ಮೂಲಪಾಠ. ಯಾರು ಬೇಕಾದರೂ ಅದನ್ನು ಓದಿ, ತಿದ್ದಿ, ಹಂಚಬಹುದೆಂಬ ಒಪ್ಪಿಗೆಯಿದ್ದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಆದರೆ ಯಂತ್ರಕ್ಕೆ ಮೂಲಪಾಠ ತಿಳಿಯದು. ಕಂಪೈಲರ್ ಎಂಬ ಸಾಧನವು ಅದನ್ನು ಯಂತ್ರಭಾಷೆಗೆ ತಿರುಗಿಸಿಕೊಡಬೇಕು. ದೊಡ್ಡ ತಂತ್ರಾಂಶವೊಂದರಲ್ಲಿ ನೂರಾರು ಕಡತಗಳಿರುತ್ತವೆ. ಯಾವುದನ್ನು ಮೊದಲು ತಿರುಗಿಸಬೇಕು, ಯಾವುದನ್ನು ಯಾವುದರೊಡನೆ ಜೋಡಿಸಬೇಕು ಎಂಬುದನ್ನು ನೋಡಿಕೊಳ್ಳಲು ೧೯೭೬ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಮೇಕ್ ಕೆಲಸದ ಕ್ರಮವನ್ನು ಬಲ್ಲದು. ತಾನಿರುವ ಊರನ್ನು ಅರಿಯದು. ಯಂತ್ರವನ್ನು ನಡೆಸುವ ಲಿನಕ್ಸ್, ವಿಂಡೋಸ್ ಮೊದಲಾದ ಆಪರೇಟಿಂಗ್ ಸಿಸ್ಟಂಗಳ ರೀತಿನೀತಿಗಳು ಒಂದೇ ತೆರನಾಗಿಲ್ಲ. ಕಡತದ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದರೂ ಚಿಕ್ಕ ಅಕ್ಷರದಲ್ಲಿ ಬರೆದರೂ ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೆಂದೇ ತಿಳಿಯುತ್ತದೆ; ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ಅಲ್ಲಿ ಸೊಗಸಾಗಿ ಸಿದ್ಧವಾದ ತಂತ್ರಾಂಶವು ಇಲ್ಲಿ ಒಂದೇ ಅಕ್ಷರದ ದೆಸೆಯಿಂದ ‘ಕಡತ ಸಿಕ್ಕಲಿಲ್ಲ’ವೆಂದು ನಿಂತುಬಿಡುವುದುಂಟು.

೧೯೯೧ರಲ್ಲಿ ಡೇವಿಡ್ ಮೆಕೆಂಜಿ ಎಂಬವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಹಲವು ತಂತ್ರಾಂಶಗಳನ್ನು ನೋಡಿಕೊಳ್ಳುತ್ತಿದ್ದರು. ಬಳಸುವವರು ತಮ್ಮ ಯಂತ್ರಕ್ಕೆ ತಕ್ಕಂತೆ ಸುಮಾರು ೨೦ ಆಯ್ಕೆಗಳನ್ನು ಕೈಯಾರೆ ಗುರುತಿಸಬೇಕಾಗಿತ್ತು. ಈ ಹೊರೆಯನ್ನು ಇಳಿಸಲು ಅವರು, ಯಂತ್ರವನ್ನೇ ವಿಚಾರಿಸಿ ತಾನೇ ಆಯ್ಕೆಮಾಡುವ ಒಂದು ಪುಟ್ಟ ಆದೇಶಪಟ್ಟಿಯನ್ನು ಬರೆದರು. ಮುಂದೆ ಅದೇ ‘ಆಟೋಕಾನ್ಫ್’ ಆಯಿತು. ಅದರ ಉಪಾಯ ಬಲು ಸರಳ: ‘ನಿನ್ನ ಹೆಸರೇನು?’ ಎಂದು ಅದು ಸಿಸ್ಟಂ ಅನ್ನು ಕೇಳುವುದಿಲ್ಲ. ಬೇಕಾದ ಸೌಲಭ್ಯವನ್ನು ಬಳಸುವ ನಾಲ್ಕು ಸಾಲಿನ ಪಾಠವೊಂದನ್ನು ಕಂಪೈಲರಿಗೆ ಕೊಟ್ಟು ನೋಡುತ್ತದೆ. ತಿರುಗಿಸಲು ಸಾಧ್ಯವಾದರೆ ಸೌಲಭ್ಯ ಇದೆ; ಇಲ್ಲವಾದರೆ ಇಲ್ಲ. ಹೆಸರನ್ನು ನಂಬಿದವನು ಕೆಡುವುದು ಸಹಜ, ಏಕೆಂದರೆ ಒಂದೇ ಹೆಸರಿನ ಹಳೆಯ ಆವೃತ್ತಿಗೂ ಹೊಸ ಆವೃತ್ತಿಗೂ ಅಂತರವಿರುತ್ತದೆ. ಪರೀಕ್ಷಿಸಿ ನೋಡುವವನಾದರೋ ಹಿಂದೆಂದೂ ಕಾಣದ ಸಿಸ್ಟಂನಲ್ಲಿಯೂ ದಾರಿ ಕಂಡುಕೊಳ್ಳಬಲ್ಲನು.

ಆದರೆ ಪರೀಕ್ಷೆಗಳು ಬೆಳೆದಂತೆಲ್ಲ ಪಟ್ಟಿ ಸಾವಿರಾರು ಸಾಲುಗಳಾಯಿತು. ಅದನ್ನು ಯಂತ್ರವೇ ಬರೆಯುತ್ತದೆ. ಮನುಷ್ಯರು ಕುಳಿತು ಓದುವುದು ಅಪರೂಪ. ಕಳ್ಳನಿಗೆ ಬೇಕಾದುದು ಇಂಥ ಕತ್ತಲೆಯೇ. ೨೦೨೪ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕಡತಗಳನ್ನು ಕುಗ್ಗಿಸಿಡುವ ‘ಎಕ್ಸ್‌ಝೆಡ್’ ಎಂಬ ಮುಕ್ತ ತಂತ್ರಾಂಶದ ಎರಡು ಹೊಸ ಆವೃತ್ತಿಗಳು ಹೊರಬಂದವು. ಎಲ್ಲರ ಕಣ್ಣಿಗೂ ಬೀಳುವ ಮೂಲಪಾಠದ ಭಂಡಾರದಲ್ಲಿ ಇಲ್ಲದ ಕೆಲವು ಸಾಲುಗಳು, ಹಂಚಿಕೆಗಾಗಿ ಕಟ್ಟಿದ ಗಂಟಿನೊಳಗಿನ ಸಿದ್ಧತಾ ಪಟ್ಟಿಯಲ್ಲಿ ಸೇರಿಕೊಂಡಿದ್ದವು. ಅವು ಪರೀಕ್ಷೆಯ ಮಾದರಿಗಳೆಂಬ ಸೋಗಿನ ಕಡತಗಳಿಂದ ಗುಪ್ತ ಆದೇಶಗಳನ್ನು ಹೊರತೆಗೆದು ತಂತ್ರಾಂಶಕ್ಕೆ ಬೆರೆಸುತ್ತಿದ್ದವು. ದೂರದಿಂದಲೇ ಅನ್ಯರ ಯಂತ್ರವನ್ನು ಹೊಕ್ಕು ಆಳಲು ಹೂಡಿದ ಸಂಚು ಅದು. ಹಲವು ವರ್ಷ ನೆರವಿತ್ತು ವಿಶ್ವಾಸ ಗಳಿಸಿದ್ದ ಸಹಾಯಕನ ಹೆಸರಿನಲ್ಲಿಯೇ ಅದು ನಡೆದಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ, ಬೆನ್ನುಹತ್ತಿ, ಮಾರ್ಚ್ ೨೯ರಂದು ಅದನ್ನು ಬಯಲಿಗೆಳೆದರು.

ಅದೇ ತಂತ್ರಾಂಶದಲ್ಲಿ ಮತ್ತೊಂದು ಕಿಡಿಗೇಡಿತನವೂ ಸಿಕ್ಕಿತು. ಲಿನಕ್ಸ್‌ನಲ್ಲಿ ‘ಲ್ಯಾಂಡ್‌ಲಾಕ್’ ಎಂಬ ಕಾವಲಿದೆ. ತಂತ್ರಾಂಶವು ತನಗೆ ಸಲ್ಲದ ಕಡತಗಳನ್ನು ಮುಟ್ಟದಂತೆ ಅದು ತಡೆಯುತ್ತದೆ. ಆ ಕಾವಲು ಇದೆಯೋ ಇಲ್ಲವೋ ಎಂದು ನೋಡುವ ಪುಟ್ಟ ಪಾಠದ ನಡುವೆ ಯಾರೋ ಒಂದು ಚುಕ್ಕೆ ಇಟ್ಟಿದ್ದರು. ಚುಕ್ಕೆಯಿದ್ದ ಕಾರಣ ಪಾಠ ಎಲ್ಲಿಯೂ ಯಂತ್ರಭಾಷೆಗೆ ತಿರುಗದು. ತಿರುಗದಿದ್ದರೆ ‘ಕಾವಲು ಇಲ್ಲ’ ಎಂದೇ ತೀರ್ಮಾನ. ಒಣಗಿದ ಸೌದೆಯನ್ನೂ ಹಸಿಯೆಂದು ಹೇಳಿಸುವ ಬಗೆ ಇದು. ತಪ್ಪಿನ ಸೂಚನೆಯೂ ಬಾರದೆ ಕಾವಲು ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು. ಸಂಚು ಬಯಲಾದ ಮರುದಿನವೇ ತಂತ್ರಾಂಶದ ಮೂಲ ನಿರ್ವಾಹಕರು ಆ ಚುಕ್ಕೆಯನ್ನು ಕಂಡು ಅಳಿಸಿಹಾಕಿದರು.